ನಾಗರತ್ನಾ ತಾಳಿಕೋಟಿ ಮತ್ತು ಇತರರು

ನನ್ನ ಹೆಸರನ್ನು ಕಸಿದುಕೊಂಡವರು ಕಳ್ಳರಲ್ಲ, ಬೀಗರು. ಮದುವೆಯ ಹಂದರದಲ್ಲಿ ಹಿತ್ತಾಳೆಯ ತಾಟಿನಲ್ಲಿ ಅಕ್ಕಿ ಹರವಿ, ಮದುಮಗನ ಕೈಗೆ ಉಂಗುರ ಕೊಟ್ಟು ಅದರಿಂದ ‘ಶಿವಕುಮಾರಿ’ ಎಂದು ಬರೆಸಿದರು. ಅದು ಅತ್ತೆ ಶೀಲಾವತಿಯವರು ಮೊದಲೇ ಆರಿಸಿಟ್ಟುಕೊಂಡು ಬಂದ ಹೆಸರು. ಅಲ್ಲಿಯವರೆಗೆ ನಾನು ನಾಗರತ್ನಾ, ಧಾರಾವಿಯಲ್ಲಿ ಚರ್ಮದ ಬೆಲ್ಟು ಹೊಲಿಯುತ್ತಿದ್ದ ತಾಳಿಕೋಟಿ ಖಂಡಪ್ಪನ ಮಗಳು. ಲಗ್ನಪತ್ರಿಕೆಯಲ್ಲಿಯೂ ಅದೇ ಹೆಸರು ಅಚ್ಚಾಗಿತ್ತು. ಊಟದ ಪಂಕ್ತಿ ಏಳುವ ಹೊತ್ತಿಗೆ ಆ ಹೆಸರಿನವಳು ಇರಲಿಲ್ಲ. ನಮ್ಮ ಕಡೆ ಇದು ಹೊಸದಲ್ಲ, ಇದಕ್ಕೆ ಯಾರೂ ಅಳುವುದೂ ಇಲ್ಲ. ಅಳಲಿಕ್ಕೆ ಆ ದಿನ ಬೇರೆ ಕಾರಣಗಳು ಬೇಕಾದಷ್ಟಿರುತ್ತವೆ.

ನನಗೆ ಸಿಟ್ಟು ಬರುವುದು ಬೇರೆ ಮಾತಿಗೆ. ಅಷ್ಟು ಸಡಗರದಿಂದ ಕೊಟ್ಟ ಹೆಸರಿನಿಂದಾದರೂ ಕರೆಯಬೇಕಲ್ಲ? ಗಂಡ ಕಾಶಿನಾಥ ಒಳ್ಳೆಯ ಮನುಷ್ಯ, ಆದರೆ ಹೆಂಡತಿಯ ಹೆಸರು ಹಿಡಿಯುವ ರೂಢಿ ಅವರ ಮನೆತನದಲ್ಲಿ ಇಲ್ಲ. “ಏ, ಇಲ್ಲಿ ಕೇಳಿಲ್ಲೆ” ಎಂದರೆ ಅದು ನಾನು. ಅತ್ತೆ ಇರುವತನಕ “ಏನವಾ” ಎನ್ನುತ್ತಿದ್ದರು. ಮಗನಿಗೆ ಮಮ್ಮಿ, ಬೊರಿವಲಿಯ ನಮ್ಮ ಬಿಲ್ಡಿಂಗಿನವರಿಗೆ ಹೊನ್ನಳ್ಳಿ ಆಂಟಿ, ಪರೇಲಿನ ಸಂಶೋಧನಾಲಯದಲ್ಲಿ ಮೇಡಮ್. ನನ್ನನ್ನು ನಾಗರತ್ನಾ ಎಂದು ನೆನೆಯುವವಳು ಕಡೆಗೆ ಅವ್ವ ಸುಂದ್ರವ್ವ ಒಬ್ಬಳೇ ಉಳಿದಿದ್ದಳು. ಊರಿನಿಂದ ಫೋನ್ ಮಾಡಿ “ನಾಗೂ, ಉಂಡಿಯೇನ?” ಎನ್ನುತ್ತಿದ್ದಳು. ಹೋದ ವರ್ಷ ಅವಳೂ ತೀರಿಕೊಂಡಳು. ಐವತ್ತು ದಾಟಿದ ಹೆಂಗಸಿಗೆ ಹೆಸರು ಹಿಡಿದು ಕರೆಸಿಕೊಳ್ಳುವ ಹಂಬಲವೇ ಎಂದು ಯಾರಾದರೂ ನಕ್ಕಾರು. ನಗಲಿ. ಹಸಿದವನಿಗೇ ಗೊತ್ತು ಹಸಿವು.

ಒಂದೇ ಒಂದು ಕಡೆ ನಾಗರತ್ನಾ ಇನ್ನೂ ಬದುಕಿದ್ದಳು. ಅದು ಒಂದು ಸಂಶೋಧನಾ ಪ್ರಬಂಧದ ಮೇಲೆ.

ಮದುವೆಗೆ ಮೊದಲು ನಾನು ಪರೇಲಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಅದೇ ಪ್ರಯೋಗಾಲಯದಲ್ಲಿ ವಿಜಯಪುರದ ಗನಿಸಾಬನ ಮಗ ಮುಕ್ತಾರ ಇದ್ದ. ಆ ಕಾಲಕ್ಕೆ ಟಿಬಿ ರೋಗಿಗಳ ಕಫವನ್ನು ಊರಿನಿಂದ, ಗಲ್ಲಿಗಳಿಂದ ಲ್ಯಾಬಿಗೆ ತರುವಷ್ಟರಲ್ಲಿ ಸೆಕೆಗೆ ಕೆಟ್ಟುಹೋಗುತ್ತಿತ್ತು. ಮಂಜುಗಡ್ಡೆಯಲ್ಲಿ ಇಟ್ಟು ಕಳಿಸಿ ಎಂದರೆ ಯಾರು ಎಲ್ಲಿಂದ ತರಬೇಕು? ನಾವಿಬ್ಬರೂ ಧಾರಾವಿಯ ದವಾಖಾನೆಯಿಂದ ಡಬ್ಬಿಗಳನ್ನು ಹೊತ್ತು ತಂದು, ಮಂಜುಗಡ್ಡೆ ಇಲ್ಲದೆಯೇ ಕಫವನ್ನು ಕೆಡದಂತೆ ಇಡುವ ಅಗ್ಗದ ದ್ರಾವಣವೊಂದನ್ನು ಕಂಡುಹಿಡಿದೆವು. ಪ್ರಬಂಧದ ಮೇಲೆ ಮೊದಲು ನನ್ನ ಹೆಸರು, ಆಮೇಲೆ ಮುಕ್ತಾರನದು, ಕಡೆಗೆ ನಮ್ಮ ಮಾರ್ಗದರ್ಶಕರದು. ಅವರು ಈಗಿಲ್ಲ.

ಅಚ್ಚಾದಾಗ ಯಾರೂ ಅದರತ್ತ ಹೊರಳಿ ನೋಡಲಿಲ್ಲ. ಆಮೇಲೆ ನಿಧಾನವಾಗಿ ಪೆರು ದೇಶದವರು ನೋಡಿದರು, ಇಥಿಯೋಪಿಯಾದವರು ನೋಡಿದರು, ಒಡಿಶಾದವರು ನೋಡಿದರು. ನಮ್ಮ ಲೋಕದಲ್ಲಿ ಒಬ್ಬರ ಕೆಲಸವನ್ನು ಇನ್ನೊಬ್ಬರು ತಮ್ಮ ಬರಹದಲ್ಲಿ ನೆನೆದರೆ ಸೈಟೇಶನ್ ಎನ್ನುತ್ತಾರೆ. ಆ ಪ್ರಬಂಧವನ್ನು ನೆನೆದವರು ನಾನೂರು ಮಂದಿಗಿಂತ ಹೆಚ್ಚು. ಲೇಖಕರು ಇಬ್ಬರಿಗಿಂತ ಹೆಚ್ಚಾದರೆ ಮೊದಲನೆಯವರ ಹೆಸರಷ್ಟೇ ಬರೆದು ‘ಮತ್ತು ಇತರರು’ ಎಂದು ಸೇರಿಸುವುದು ಪದ್ಧತಿ. ಹೀಗಾಗಿ ಎಲ್ಲಿಯೋ ಯಾರೋ ಗುರುತಿಲ್ಲದವರು ‘ನಾಗರತ್ನಾ ತಾಳಿಕೋಟಿ ಮತ್ತು ಇತರರು’ ಎಂದು ಬರೆಯುತ್ತಿದ್ದರು, ನಾನು ಬೊರಿವಲಿ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡು ಮೊಬೈಲಿನಲ್ಲಿ ಅದನ್ನು ಓದುತ್ತಿದ್ದೆ. ಅವ್ವ ಹೋದ ಮೇಲೆ ಆ ಓದು ಹೆಚ್ಚಾಯಿತು.

ಹೆಚ್ಚು ಸಲ ನೆನೆದವನು ಮುಕ್ತಾರನೇ. ಅವನು ನನ್ನ ಮದುವೆಗೆ ಬಂದಿರಲಿಲ್ಲ. ಗನಿಸಾಬರಿಗೆ ಜಡ್ಡು ಜೋರಾಗಿದೆ ಎಂದು ಊರಿಗೆ ಹೋದವನು ಅಲ್ಲಿಂದಲೇ ಹೈದರಾಬಾದಿಗೆ, ಮುಂದೆ ಪರದೇಶಕ್ಕೆ ಹೋದ. ಎಲ್ಲಿದ್ದರೂ ತಾನು ಬರೆದ ಪ್ರತಿ ಪ್ರಬಂಧದಲ್ಲಿ ನಾಗರತ್ನಾಳನ್ನು ನೆನೆಯುತ್ತಿದ್ದ. ಬೇಕಿದ್ದಲ್ಲಿಯೂ ನೆನೆದ, ಬೇಡವಾದಲ್ಲಿಯೂ ನೆನೆದ. ಒಮ್ಮೆಯಂತೂ ಮೂತ್ರಪಿಂಡದ ಕುರಿತ ಬರಹದಲ್ಲಿ ಕಫದ ಪ್ರಬಂಧ ತಂದು ತುರುಕಿದ್ದ.

ನಾನೂ ಸುಮ್ಮನೆ ಕೂತಿರಲಿಲ್ಲ. ಮದುವೆಯಾದ ಮೇಲೆ ‘ಶಿವಕುಮಾರಿ ಹೊನ್ನಳ್ಳಿ’ ಎಂಬ ಹೆಸರಿನಲ್ಲಿ ನಾನು ಬರೆದ ಪ್ರಬಂಧಗಳಲ್ಲೆಲ್ಲ ಅವನನ್ನು ನೆನೆದೆ. ನೇರ ಒಂದು ಮೇಲ್ ಬರೆಯಬಹುದಿತ್ತು. ಬರೆಯಲಿಲ್ಲ. ನನ್ನ ಮದುವೆ ಗೊತ್ತಾಗಿದೆ ಎಂದು ಹೇಳಿದ ದಿನ ಅವನು ಕೈಯಲ್ಲಿದ್ದ ಗಾಜಿನ ನಳಿಕೆಯನ್ನು ಮೆಲ್ಲಗೆ ಸ್ಟ್ಯಾಂಡಿನಲ್ಲಿಟ್ಟು “ಛಲೋ ಆತು” ಎಂದಿದ್ದ. ಅಷ್ಟೇ. ಬ್ಯಾಡ ಎಂದಿದ್ದರೆ ನಾನು ಏನು ಮಾಡುತ್ತಿದ್ದೆ? ಏನೂ ಮಾಡುತ್ತಿರಲಿಲ್ಲ. ಖಂಡಪ್ಪನ ಮಗಳು ಗನಿಸಾಬನ ಮಗನ ಕೈ ಹಿಡಿಯುವಷ್ಟು ಎದೆಗಾರಿಕೆ ನಮ್ಮಿಬ್ಬರಲ್ಲೂ ಇರಲಿಲ್ಲ. ಆದರೂ ಆ ಒಂದು ಮಾತು ಅವನ ಬಾಯಿಂದ ಬರಬೇಕಿತ್ತು. ಬರಲಿಲ್ಲವೆಂಬ ಹಟ ನನ್ನದು. ನಾನು ಎಲ್ಲಿದ್ದೇನೆಂದು ಅವನಿಗೆ ಗೊತ್ತಿದೆ, ಬೇಕಾದರೆ ಅವನೇ ಮಾತಾಡಿಸಲಿ ಎಂದು ಕಾದೆ. ಕಾಯುತ್ತ ಕೂದಲು ಬೆಳ್ಳಗಾದವು.

ಈ ವರ್ಷ ಹೆಸರಿನ ಮಾತು ಎದ್ದದ್ದು ಬಡ್ತಿಯಿಂದ. ನಮ್ಮ ವಿಭಾಗದ ಮುಖ್ಯಸ್ಥ ರೋಶನ್ ನನಗಿಂತ ಬಹಳ ಚಿಕ್ಕವನು, ಮಂಗಳೂರು ಕಡೆಯ ತಂದೆತಾಯಿಗೆ ಅಂಧೇರಿಯಲ್ಲಿ ಹುಟ್ಟಿ ಬೆಳೆದವನು. ಹಿರಿಯ ವಿಜ್ಞಾನಿಯ ಹುದ್ದೆಗೆ ನನ್ನ ಹೆಸರು ಹೋಗಬೇಕಿತ್ತು. ಅದು ನನಗೆ ಕಡೆಯ ಅವಕಾಶ. ಹುದ್ದೆ ಸಿಕ್ಕರೆ ಸ್ವಂತ ಪ್ರಯೋಗಾಲಯ ಸಿಗುತ್ತದೆ, ವರ್ಷಗಟ್ಟಲೆ ಅರ್ಧಕ್ಕೆ ನಿಂತ ಮಕ್ಕಳ ಟಿಬಿಯ ಕೆಲಸವನ್ನು ಮತ್ತೆ ಎತ್ತಿಕೊಳ್ಳಬಹುದು. ರೋಶನ್ ನನ್ನನ್ನು ಕರೆದು ಕೂರಿಸಿದ.

“ಮೇಡಮ್, ನಿಮ್ದು ಪೇಪರ್ಸ್ ತುಂಬಾ ಉಂಟು. ಬಟ್ ಇಂಪ್ಯಾಕ್ಟ್ ನಹೀ ಹೈ. ಯಾರೂ ಸೈಟ್ ಮಾಡ್ಲಿಲ್ಲ. ಕಮಿಟಿಯವ್ರು ಸೀದಾ ನಂಬರ್ ನೋಡ್ತಾರೆ, ನಾನು ಏನು ಮಾಡ್ಲಿಕ್ಕೆ ಆಗ್ತದೆ?”

ನನಗೆ ಪಿತ್ತ ನೆತ್ತಿಗೇರಿತು. “ತಾಳಿಕೋಟಿಯ ಪೇಪರ್ ಗೊತ್ತೇನ್ರಿ ನಿಮಗ?” ಎಂದು ಕೇಳಿದೆ.

“ಅಫ್‌ಕೋರ್ಸ್. ನನ್ನ ಪಿಎಚ್‌ಡಿಯಲ್ಲಿ ನಾನೇ ಸೈಟ್ ಮಾಡಿದ್ದೇನೆ.”

“ಆ ತಾಳಿಕೋಟಿ ನಾನ.”

ರೋಶನ್ ಕುರ್ಚಿ ಹಿಂದಕ್ಕೆ ಸರಿಸಿದ. ಎರಡು ಹೆಸರುಗಳನ್ನು ಒಂದುಗೂಡಿಸಿಬಿಟ್ಟರೆ ಹುದ್ದೆ ಕೈಯಲ್ಲಿದ್ದ ಹಾಗೆ ಎಂದ. ಪ್ರಬಂಧ ಅಚ್ಚಾದ ಪತ್ರಿಕೆಯವರಿಗೆ ಬರೆಯಬೇಕು. ಅವರು ಪ್ರಬಂಧದ ಮೇಲಿನ ಹಳೆಯ ಹೆಸರನ್ನು ತೆಗೆದು ಈಗಿನ ಹೆಸರನ್ನು ಹಾಕುತ್ತಾರೆ, ನಾನೂರು ಚಿಲ್ಲರೆ ಸೈಟೇಶನ್ನೂ ಶಿವಕುಮಾರಿಯ ಖಾತೆಗೆ ಬರುತ್ತವೆ. ಎರಡನ್ನೂ ಇಟ್ಟುಕೊಳ್ಳಲು ಬರುವುದಿಲ್ಲವೇ ಎಂದು ಕೇಳಿದೆ. ಆ ಪತ್ರಿಕೆಯ ನಿಯಮದಲ್ಲಿ ಒಬ್ಬರಿಗೆ ಒಂದೇ ಹೆಸರು.

ನಾನು ಬರೆದೆ. ಅವರು ಎರಡೂ ಹೆಸರಿರುವ ಸರಕಾರಿ ಪುರಾವೆ ಕೇಳಿದರು. ಅಕ್ಕಿಯಲ್ಲಿ ಬರೆದ ಹೆಸರಿಗೆ ಪುರಾವೆ ಎಲ್ಲಿಂದ ತರಲಿ? ಆ ಅಕ್ಕಿ ಅಂದೇ ಅನ್ನವಾಗಿತ್ತು. ಮದುವೆಯನ್ನು ಸರಕಾರದಲ್ಲಿ ದಾಖಲು ಮಾಡಿಸಿದಾಗ ನೇರ ಹೊಸ ಹೆಸರನ್ನೇ ಬರೆಸಿದ್ದರು. ಹಾಗಾದರೆ ಬದುಕಿರುವ ಸಹಲೇಖಕರಿಂದ ಒಂದು ಒಪ್ಪಿಗೆ ಸಾಕು, ನಾವೇ ಅವರನ್ನು ಕೇಳುತ್ತೇವೆ ಎಂದರು. ಅಂದರೆ ಮುಕ್ತಾರನನ್ನು. ಅಂತೂ ಅವನು ನನ್ನ ಬಗ್ಗೆ ಒಂದು ಮಾತು ಹೇಳಲೇಬೇಕಾದ ದಿನ ಬಂತು. ಆ ವಾರ ನನ್ನ ಕೈಯಡುಗೆ ದಿನಾ ಉಪ್ಪಾಗುತ್ತಿತ್ತು. ಕಾಶಿನಾಥರು ಮಾತಾಡದೆ ಮೊಸರು ಕಲಸಿಕೊಂಡು ಉಂಡರು.

ಉತ್ತರ ಬಂತು. ‘ಸಹಲೇಖಕರು ನಿಮ್ಮ ಕೋರಿಕೆಯನ್ನು ನಿರಾಕರಿಸಿದ್ದಾರೆ. ಶಿವಕುಮಾರಿ ಹೊನ್ನಳ್ಳಿ ಎಂಬವರು ನಾಗರತ್ನಾ ತಾಳಿಕೋಟಿ ಅಲ್ಲವೆಂದೂ ಈಕೆ ಹಲವು ವರ್ಷಗಳಿಂದ ಆ ವಿಜ್ಞಾನಿಯ ಕೆಲಸದ ಬೆನ್ನು ಹತ್ತಿದ್ದಾರೆಂದೂ ಅವರು ತಿಳಿಸಿದ್ದಾರೆ.’

ಎರಡು ಸಲ ಓದಿದೆ. ಮೊದಲು ಕಣ್ಣು ತುಂಬಿತು, ಆಮೇಲೆ ಮೈಯೆಲ್ಲ ಉರಿಯಿತು. ನಾನು ನಾನಲ್ಲವಂತೆ.

ಅವನ ಹೊಸ ಪ್ರಬಂಧದಲ್ಲಿ ವಿಕ್ರೋಳಿಯ ಒಂದು ಔಷಧ ಕಂಪನಿಯ ಪ್ರಯೋಗಾಲಯದ ವಿಳಾಸವಿತ್ತು. ಮರಳಿ ಮುಂಬಯಿಗೆ ಬಂದು ಎರಡು ವರ್ಷವಾಗಿತ್ತಂತೆ. ರೈಲಿನ ವೆಸ್ಟರ್ನ್ ಲೈನಿನವರಿಗೆ ವಿಕ್ರೋಳಿಯ ಸೆಂಟ್ರಲ್ ಲೈನ್ ಎಂದರೆ ಬೀಗರ ಊರಿದ್ದ ಹಾಗೆ, ಕಾರ್ಯವಿಲ್ಲದೆ ಯಾರೂ ಹೋಗುವುದಿಲ್ಲ. ಮರುದಿನ ರಜೆ ಹಾಕಿ, ದಾದರಿನಲ್ಲಿ ಇಳಿದು, ಸೇತುವೆ ದಾಟಿ ಆಚೆ ಕಡೆಯ ಗಾಡಿ ಹತ್ತಿದೆ. ದಾರಿಯುದ್ದಕ್ಕೂ ಬೈಗಳನ್ನು ಜೋಡಿಸುತ್ತ ಕೂತೆ. ಬಹಳ ದಿನಗಳ ಮೇಲೆ ಕನ್ನಡದಲ್ಲಿ ಬೈಯುವ ಸಂದರ್ಭ ಸಿಕ್ಕಿತ್ತು, ಹದವಾಗಿ ಜೋಡಿಸಿದೆ.

ಗೇಟಿನ ವಾಚಮನ್ ಯಾರನ್ನು ಕಾಣಬೇಕು, ನಿಮ್ಮ ಹೆಸರೇನು ಎಂದು ಹಿಂದಿಯಲ್ಲಿ ಕೇಳಿದ. ಮುಕ್ತಾರನನ್ನು ಎಂದೆ, ನನ್ನ ಹೆಸರು ನಾಗರತ್ನಾ ತಾಳಿಕೋಟಿ ಎಂದೆ. ಬಾಯಿಂದ ತಾನಾಗಿ ಬಂತು. ಆಧಾರ ಕೇಳಿದ, ಕೊಟ್ಟೆ. ಅವನು ಕಾರ್ಡನ್ನೂ ನನ್ನನ್ನೂ ನೋಡಿದ. ತಾಳಿಕೋಟಿ ಎಂಬ ಹೆಸರು ಕೇಳಿ ಗುರುತು ಹತ್ತಿತೋ ಏನೋ, ಕಲಬುರಗಿ ಕನ್ನಡಕ್ಕೆ ಇಳಿದ. ಅಂಗಿಯ ಮೇಲೆ ದಾನಪ್ಪ ಎಂಬ ಪಟ್ಟಿ ಇತ್ತು.

“ಅಕ್ಕಾರ, ಬಾಯಾಗ ಒಂದ್ ಹೆಸರ ಹೇಳ್ಲಕತ್ತೀರಿ, ಆಧಾರದಾಗ ಒಂದ್ ಅದ.”

“ಅದು ಮದುವಿ ಹೆಸರಪಾ.”

“ಹಂಗೇನ್ರಿ. ನಮ್ಮನಿಯಾಕಿಂದೂ ಹಂಗೇ ಅದ.” ಅವನಿಗೆ ತಿಳಿಯಿತು. ಆದರೆ ತಿಳಿದರೇನು, ಗೇಟು ತೆರೆಯಲಿಲ್ಲ. “ಒಳಗ ಬಿಡ್ಲಿಕ್ಕ ಬರಂಗಿಲ್ರಿ. ಸಾಹೇಬ್ರಿಗಿ ಫೋನ್ ಹಚ್ತೀನಿ, ಬಂದ್ರ ಬರ್ತಾರ.” ಫೋನಿನಲ್ಲಿ ಅವನು ಹೇಳಿದ್ದು ಇಷ್ಟು: “ಸರ್, ನಾಗರತ್ನಾ ತಾಳಿಕೋಟಿ ಅಂತ ಒಬ್ಬವ್ರು ಬಂದಾರ್ರಿ.” ಆಮೇಲೆ ಫೋನನ್ನು ಕಿವಿಯಿಂದ ತೆಗೆದು ನೋಡಿ, “ಕಟ್ ಮಾಡಿದ್ರು” ಎಂದ.

ನಾನು ಹೊರಳಿ ಹೋಗಬೇಕೆನ್ನುವಷ್ಟರಲ್ಲಿ ಒಳಗಿನ ರಸ್ತೆಯ ಮೇಲೆ ಒಬ್ಬ ಮನುಷ್ಯ ಓಡಿ ಬರುತ್ತಿದ್ದ. ಓಡುವ ವಯಸ್ಸಲ್ಲ, ಓಡುವ ಮೈಯೂ ಅಲ್ಲ. ಬಿಳಿ ಕೋಟು, ನರೆತ ಗಡ್ಡ. ಗೇಟಿನ ಹತ್ತಿರ ಬಂದು ಸರಳು ಹಿಡಿದುಕೊಂಡು ನಿಂತ. ಏದುಸಿರು ಬಿಡುತ್ತಿದ್ದ.

ಜೋಡಿಸಿಟ್ಟ ಬೈಗಳೆಲ್ಲ ಎಲ್ಲಿ ಹೋದವೋ. “ಏನೋ ಮುಕ್ತಾರ, ನಾ ನಾನಲ್ಲ ಅಂತ ಬರದಿಯಂತ?” ಎಂದೆ.

ಅವನು ನನ್ನ ಮುಖ ನೋಡಿದ. “ನಾಗರತ್ನಾ,” ಎಂದ.

ನನ್ನ ಹೆಸರು. ಪೂರ್ತಿ ಹೆಸರು, ವಿಜಯಪುರದ ನಾಲಿಗೆಯಲ್ಲಿ, ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದು. ಗೇಟಿನ ಸರಳನ್ನು ಈಚೆಯಿಂದ ನಾನೂ ಹಿಡಿದುಕೊಂಡೆ.

ರಸ್ತೆಯ ಆಚೆ ಒಂದು ಚಹಾದಂಗಡಿಯಲ್ಲಿ ಕೂತೆವು. ಅವನು ಚಹಾ ಮುಟ್ಟಲಿಲ್ಲ. “ನೀ ಎಲ್ಲಾ ಬಿಟ್ಟಿ ಅಂತ ತಿಳದಿದ್ದೆ,” ಎಂದ. “ಪೇಪರ್ ಬಂದದ್ದೇ ಕಡಿ. ಆಮ್ಯಾಲ ನಾಗರತ್ನಾ ತಾಳಿಕೋಟಿ ಅಂತ ಎಲ್ಲೂ ಒಂದ್ ಅಕ್ಷರ ಇಲ್ಲ. ಅತ್ತಿಮನಿಯವ್ರು ಬಿಡಿಸಿರಬೇಕು ಅನಕೊಂಡೆ. ಒಮ್ಮಿ ಧಾರಾವಿಗೆ ಬಂದಿದ್ದೆ. ನಿಮ್ಮ ಖೋಲಿಯಾಗ ಬಿಹಾರದವ್ರು ಇದ್ರು. ಅವರಿಗೇನ ಗೊತ್ತು?”

ಅಪ್ಪ ಅಷ್ಟರಲ್ಲಿ ಆ ಒಂದು ಕೋಣೆಯ ಮನೆ ಬಿಟ್ಟು ಊರಿಗೆ ಹೋಗಿದ್ದ.

“ನಾನು ಪರೇಲದಾಗ ಇದ್ದೆ. ಅದೇ ಬಿಲ್ಡಿಂಗಿನಾಗ,” ಎಂದೆ. “ಲ್ಯಾಬಿನವ್ರು ಯಾರೂ ಹೇಳಲಿಲ್ಲೇನು ನಿನಗ? ಎಲ್ಲಾರೂ ಮದುವಿಗೆ ಬಂದು ಉಂಡು ಹೋಗಿದ್ರು.”

“ನಾ ಯಾರನ್ನೂ ಕೇಳಲಿಲ್ಲ.” ಅವನು ತಲೆ ತಗ್ಗಿಸಿದ. “ಕೇಳಿದ್ರ ಮುಖದ ಮ್ಯಾಲ ಕಾಣತಿತ್ತು.”

ಆಗ ನನಗೆ ತಿಳಿಯಿತು. ಅವನಿಗೆ ಬಂದ ಲಗ್ನಪತ್ರಿಕೆಯಲ್ಲಿ ಇದ್ದದ್ದು ನಾಗರತ್ನಾ. ಅಕ್ಕಿಯ ತಾಟನ್ನು ಅವನು ನೋಡಿರಲಿಲ್ಲ. ಇಷ್ಟು ವರ್ಷ ನಾನು ಶಿವಕುಮಾರಿಯಾಗಿ ಅವನನ್ನು ಕರೆದದ್ದೆಲ್ಲ ಅವನಿಗೆ ಯಾರೋ ಪರಕೀಯಳ ದನಿ. ಅವನು ಕರೆಯುತ್ತಿದ್ದದ್ದು ಇಲ್ಲದವಳನ್ನು. ನಮ್ಮ ಹೆಣ್ಣುಮಕ್ಕಳ ಹೆಸರು ಬದಲಿಸುತ್ತಾರೆಂದು ವಿಜಯಪುರದಲ್ಲಿ ಬೆಳೆದ ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಪ್ರಬಂಧದ ಮೇಲೆ ಅಚ್ಚಾದ ಹೆಸರನ್ನು ಯಾರಾದರೂ ಬದಲಿಸಿಯಾರೆಂದು ಅವನಿಗೆ ಹೊಳೆದಿರಲಿಲ್ಲ. ನಾವು ಅದನ್ನು ಕಲ್ಲಿನ ಮೇಲಿನ ಬರಹ ಎಂದುಕೊಂಡಿದ್ದವರು.

“ಶಿವಕುಮಾರಿ ಹೊನ್ನಳ್ಳಿ,” ಎಂದು ಅವನು ಆ ಹೆಸರನ್ನು ಮೊದಲ ಸಲ ಉಚ್ಚರಿಸುವವನ ಹಾಗೆ ಹೇಳಿದ. ಮುಖ ಬಿಳಿಚಿತು. “ಹಂಗಾರ ಆ ಮಕ್ಕಳ ಟಿಬಿ ಪೇಪರ್...”

ನನಗೆ ಅದನ್ನು ನೆನಪಿಸುವ ಅಗತ್ಯವಿರಲಿಲ್ಲ. ಹದಿನೈದು ವರ್ಷದ ಹಿಂದೆ, ಅದೇ ದ್ರಾವಣ ಎಳೆಮಕ್ಕಳ ಮಾದರಿಗೂ ನಡೆಯುತ್ತದೆಂದು ತೋರಿಸಿ ನಾನು ಒಂದು ಪ್ರಬಂಧ ಬರೆದಿದ್ದೆ. ದೊಡ್ಡ ಪತ್ರಿಕೆಗೆ ಕಳಿಸಿದ್ದೆ. ಅದರಲ್ಲಿ ‘ನಮ್ಮ ಹಿಂದಿನ ಕೆಲಸ’ ಎಂದು ಬರೆಯಲು ಕೈ ಬರಲಿಲ್ಲ. ಅಲ್ಲಿರುವ ಹೆಸರು ಬೇರೆ, ಯಾರಿಗೆ ಕತೆ ಹೇಳುತ್ತ ಕೂರಲಿ? ‘ನಾಗರತ್ನಾ ತಾಳಿಕೋಟಿ ತೋರಿಸಿದಂತೆ’ ಎಂದು ಬರೆದೆ. ಅಚ್ಚಿಗೆ ಮೊದಲು ಪತ್ರಿಕೆಯವರು ಗುಟ್ಟಾಗಿ ಓದಿಸುವ, ಹೆಸರಿಲ್ಲದ ಒಬ್ಬ ಪರೀಕ್ಷಕ ಅದನ್ನು ತಳ್ಳಿಹಾಕಿದ. ‘ಈ ಲೇಖಕಿ ತಾಳಿಕೋಟಿಯವರ ವಿಚಾರದ ದಾರಿಯನ್ನು ಹೆಜ್ಜೆ ಹೆಜ್ಜೆಗೂ ಹಿಂಬಾಲಿಸಿದ್ದಾರೆ. ತಿರುಗಿ ಕೇಳಲಾರದ ಒಬ್ಬ ಪ್ರತಿಭಾವಂತೆಗೆ ಇದು ಅನ್ಯಾಯ.’ ಅದನ್ನು ಓದಿ ಗಾಡಿಯಲ್ಲಿ ಗಟ್ಟಿಯಾಗಿ ನಕ್ಕಿದ್ದೆ, ಪಕ್ಕದ ಮೀನಿನ ಬುಟ್ಟಿಯ ಹೆಂಗಸು ಗಾಬರಿಯಾಗಿ ಸರಿದು ಕೂತಿದ್ದಳು. ಕಾಂದಿವಲಿ ದಾಟುವ ಹೊತ್ತಿಗೆ ಅಳುತ್ತಿದ್ದೆ. ಆ ಪ್ರಬಂಧ ಕಡೆಗೆ ಯಾರೂ ಓದದ ಸಣ್ಣ ಪತ್ರಿಕೆಯಲ್ಲಿ ಬಂತು. ಆ ವರ್ಷದ ಬಡ್ತಿ ಹೋಯಿತು, ಮಕ್ಕಳ ಕೆಲಸಕ್ಕೆ ಹಣ ನಿಂತಿತು.

“ಪರೀಕ್ಷಕ ನೀನೇನು?” ಎಂದೆ.

ಅವನು ಚಹಾದ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗೆ ನೋಡುತ್ತ ಕೂತ. “ನಿನ್ನ ಹೆಸರ ಉಳಸಬೇಕಂತ ನಿನ್ನನ್ನ ಕೆಡವಿದೆ,” ಎಂದ. “ಮನಿಯಾಗ ಹೆಂಡತಿ ಸಲ್ಮಾಗೂ ಹೇಳಿದ್ದೆ ಅವತ್ತ. ಒಬ್ಬಾಕಿ ಕಳ್ಳಿ ನಮ್ಮ ನಾಗರತ್ನಾನ ಕೆಲಸ ಕದಿಯಾಕತ್ಯಾಳ, ಬಿಡಲಿಲ್ಲ ನಾ, ಅಂತ. ಅಕಿನೂ ಶಾಬ್ಬಾಸ್ ಅಂದ್ಲು.”

ಸಿಟ್ಟು ಬರಬೇಕಿತ್ತು. ನನ್ನ ಹದಿನೈದು ವರ್ಷ ತಿಂದವನು ಎದುರಿಗೆ ಕೂತಿದ್ದ. ಆದರೆ ನನ್ನ ಪರವಾಗಿ ಯಾರೂ ಎಂದೂ ಯಾರೊಂದಿಗೂ ಜಗಳಾಡಿರಲಿಲ್ಲ, ನನ್ನ ತವರಿನವರೂ ಕೂಡ. ಇವನೊಬ್ಬ ಜಗಳಾಡಿದ್ದ, ಅದೂ ನನ್ನ ಜೊತೆಗೇ. ನನಗೆ ನಗು ಬಂತು. ಅವನೂ ನಕ್ಕ. ನಗುತ್ತ ನಗುತ್ತ ಇಬ್ಬರ ಕಣ್ಣೂ ಒದ್ದೆಯಾದವು, ಅವನು ಕೋಟಿನ ತೋಳಿನಿಂದ ಒರೆಸಿಕೊಂಡ.

ಆಮೇಲೆ ಅವನು ಮೊಬೈಲ್ ತೆಗೆದ. ಪತ್ರಿಕೆಯವರ ಮೇಲ್ ಇನ್ನೂ ಅಲ್ಲೇ ಇತ್ತು. ಅಭಿಪ್ರಾಯ ಬದಲಿಸುವುದಿದ್ದರೆ ಇಲ್ಲಿ ಒತ್ತಿ ಎಂದು ಕೆಳಗೆ ಬರೆದಿತ್ತು. ಬೆರಳು ಹತ್ತಿರ ಒಯ್ದು ನಿಲ್ಲಿಸಿದ.

“ಇದನ್ನ ಒತ್ತಿದ್ರ ನಮ್ಮ ಪೇಪರಿನ ಮ್ಯಾಲಿನ ಹೆಸರ ಹೋಗ್ತೈತಲ್ಲ?”

“ಹೋಗ್ತೈತಿ.”

“ಎಲ್ಲಾ ಕಡೆ?”

“ಎಲ್ಲಾ ಕಡೆ.”

ಅವನು ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದ. “ಬ್ಯಾಡ,” ಎಂದ.

“ಏನಂದಿ?”

“ಬ್ಯಾಡ, ನಾಗರತ್ನಾ.”

ಬಸ್ಸುಗಳು ಹೋಗುತ್ತಿದ್ದವು, ಚಹಾದವನು ಗ್ಲಾಸು ತೊಳೆಯುತ್ತಿದ್ದ. ನಾನು ಆ ಮಾತನ್ನು ಕೇಳಿದೆ. ಯಾವ ವಯಸ್ಸಿನಲ್ಲಿ ಕೇಳಬೇಕಿತ್ತೋ ಆ ವಯಸ್ಸಿನ ಕಿವಿಯಿಂದಲೇ ಕೇಳಿದೆ. ನನ್ನ ಎದೆಯಲ್ಲಿ ಇಷ್ಟು ವರ್ಷ ಖಾಲಿ ಬಿದ್ದಿದ್ದ ಜಾಗಕ್ಕೆ ಅದು ಬಂದು ಕೂತಿತು. ಸಾಕೆನಿಸಲಿಲ್ಲ. ಇನ್ನೊಮ್ಮೆ ಅನ್ನು ಎನ್ನಬೇಕೆನಿಸಿತು.

“ಇಷ್ಟ ಅನ್ನಾಕ ಇಪ್ಪತ್ತಾರು ವರ್ಷ ಬೇಕಾತೇನೋ ನಿನಗ?” ಎಂದೆ.

ನಾನು ಮೊಬೈಲನ್ನು ಎತ್ತಿ ಅವನ ಕೈಯಲ್ಲಿಟ್ಟೆ. “ಒತ್ತು. ಮಕ್ಕಳ ಕೆಲಸ ಅರ್ಧಾ ಬಿದ್ದೈತಿ. ನೀನ ಕೆಡವಿದ್ದು, ನೀನ ಎಬ್ಬಸು.”

ಅವನು ಒತ್ತಿದ. ಒತ್ತುವಾಗ ನನ್ನ ಮುಖ ನೋಡುತ್ತಿದ್ದ, ಮೊಬೈಲನ್ನಲ್ಲ.

ಸ್ಟೇಶನ್ನಿನವರೆಗೆ ಬಿಡುತ್ತೇನೆ ಎಂದ. ಬ್ಯಾಡ ಎಂದೆ. ಆ ಶಬ್ದ ಹೇಳುವ ಸರದಿ ನನ್ನದೂ ಇತ್ತಲ್ಲ. ಮನೆಗೆ ಬಂದಾಗ ಕಾಶಿನಾಥರು “ಏ, ಇಲ್ಲಿ ಕೇಳಿಲ್ಲೆ, ಹೋದ ಕೆಲಸ ಆತೇನು?” ಎಂದರು. ಆತು ಎಂದೆ.

ಬಡ್ತಿ ಬಂತು. ರೋಶನ್ ಪೇಡೆ ಹಂಚಿದ. ಮಕ್ಕಳ ಕೆಲಸಕ್ಕೆ ಪ್ರಯೋಗಾಲಯ ಸಿಕ್ಕಿದೆ, ಮುಂದಿನ ತಿಂಗಳು ಧಾರಾವಿಯ ದವಾಖಾನೆಯಿಂದ ಮೊದಲ ಡಬ್ಬಿಗಳು ಬರುತ್ತವೆ. ಗಾಡಿಯಲ್ಲಿ ನಿಂತು ಒಮ್ಮೆ ನಾಗರತ್ನಾ ತಾಳಿಕೋಟಿ ಎಂದು ಹುಡುಕಿದೆ. ಈ ಹೆಸರಿನ ಲೇಖಕರು ಯಾರೂ ಇಲ್ಲ ಎಂದು ಬಂತು. ಮಲಾಡ್ ಬರುವತನಕ ಆ ಖಾಲಿ ಪುಟವನ್ನೇ ನೋಡುತ್ತ ನಿಂತೆ.

ಹೋದ ವಾರ ಮುಕ್ತಾರನ ಹೊಸ ಪ್ರಬಂಧ ಬಂತು. ಕೊನೆಯ ಪುಟಕ್ಕೆ ಹೋಗಿ ನೋಡಿದೆ. ಎಂದಿನಂತೆ ನಮ್ಮನ್ನು ನೆನೆದಿದ್ದ. ‘ಶಿವಕುಮಾರಿ ಹೊನ್ನಳ್ಳಿ ಮತ್ತು ಇತರರು’ ಎಂದಿತ್ತು. ಮೊದಲ ಹೆಸರಿನ ಮೇಲೆ ನನ್ನ ಕಣ್ಣು ನಿಲ್ಲಲಿಲ್ಲ, ಮುಂದಿನ ಎರಡು ಶಬ್ದಗಳ ಮೇಲೆ ನಿಂತಿತು. ಆ ಇತರರಲ್ಲಿ ಅವನು ಮೊದಲಿನಿಂದಲೂ ಇದ್ದ. ಈಗ ನಾಗರತ್ನಾ ಕೂಡ ಅಲ್ಲಿ, ಅವನ ಜೊತೆ ಇದ್ದಾಳೆ.